ದಾಖಲೆಯಲ್ಲಿರುವ ಸಹಿ

"ಈ ಸಹಿ ನಿಮ್ಮದಲ್ಲ ಯಜಮಾನ್ರೇ," ಎಂದು ಗುಮಾಸ್ತ ಅರ್ಜಿಯನ್ನು ಗಾಜಿನ ಕಿಂಡಿಯಿಂದ ಹೊರಗೆ ತಳ್ಳಿದ.

"ನನ್ನದಲ್ಲದೆ ಇನ್ಯಾರದು? ಈಗ ತಾನೇ ನಿಮ್ಮ ಕಣ್ಣೆದುರಿಗೇ ಹಾಕಿದ್ನಲ್ಲ," ಎಂದ ಟೈಲರಮ್ಮನ ಗಂಡ.

"ಹಾಕಿದ್ರಿ. ನಾನೂ ನೋಡ್ದೆ. ಆದ್ರೆ ಕಾರು ನಿಮ್ಮ ಹೆಸರಿಗೆ ಆದಾಗ ಹಾಕಿರೋ ಸಹಿ ಇಲ್ಲಿದೆ. ಅದಕ್ಕೂ ಇದಕ್ಕೂ ಅಜಗಜಾಂತರ." ಗುಮಾಸ್ತ ದೂಳು ಹಿಡಿದ ಕಡತವನ್ನು ತಿರುಗಿಸಿ ಗಾಜಿಗೆ ಒತ್ತಿ ಹಿಡಿದ.

ಟೈಲರಮ್ಮ ಗಂಡನ ಹೆಗಲ ಹಿಂದಿನಿಂದ ಕತ್ತು ಚಾಚಿ ನೋಡಿದಳು. ಕಡತದಲ್ಲಿದ್ದ ಸಹಿಯ ಮೊದಲ ಅಕ್ಷರ ಕೊಕ್ಕೆಯ ಹಾಗೆ ಎತ್ತರಕ್ಕೆ ನಿಂತಿತ್ತು. ಅದರ ಹೊಟ್ಟೆಯಿಂದ ಹೊರಟ ಅಲೆ ಸಣ್ಣದಾಗುತ್ತ ಬಲಕ್ಕೆ ಹೋಗಿ, ಕೆಳಕ್ಕಿಳಿದು, ಇಡೀ ಹೆಸರಿನ ಅಡಿಗೆ ಒಂದು ಗೆರೆ ಎಳೆದು, ಬಾಲವನ್ನು ಸುರುಳಿ ಸುತ್ತಿ, ಸುರುಳಿಯೊಳಗೊಂದು ಚುಕ್ಕೆ ಇಟ್ಟು ಮುಗಿದಿತ್ತು. ಯಾರೋ ದೊಡ್ಡ ಮನುಷ್ಯನ ಸಹಿ ಎನ್ನಬೇಕು. ಅರ್ಜಿಯ ಮೇಲೆ ಈಗ ಬಿದ್ದಿದ್ದ ಸಹಿಯೋ, ಶಾಯಿಯಲ್ಲಿ ಬಿದ್ದೆದ್ದ ಇರುವೆಗಳು ಕಾಲೆಳೆದುಕೊಂಡು ಹೋದಂತಿತ್ತು. ದೊಡ್ಡ ಮನುಷ್ಯನ ಸಹಿ ಅವಳದು. ಇರುವೆಗಳು ಅವನವು.

ಇಂಥ ಎಡವಟ್ಟು ಈ ಗಂಡ ಹೆಂಡಿರಿಗಲ್ಲದೆ ಇನ್ಯಾರಿಗೂ ಆಗಲಿಕ್ಕಿಲ್ಲ. ಮದುವೆಯ ಹೊಸತರಲ್ಲಿ ಅವನು ನೀರಿನ ಪಂಪು ಮಾರುವ ಕಂಪನಿಯಲ್ಲಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಊರೂರು ಅಲೆಯುವ ಕೆಲಸ. ಮನೆಗೆ ಯಾವ ಕಾಗದ ಬಂದರೂ ಸಹಿಗೆ ಅವನಿಲ್ಲ. ಇದ್ದಾಗಲೂ ಪೆನ್ನು ಹಿಡಿಯುವುದೆಂದರೆ ಅವನಿಗಾಗದು, ತನ್ನ ಅಕ್ಷರ ಕಂಡರೆ ತನಗೇ ನಾಚಿಕೆ. "ನೀನೇ ಏನಾದ್ರೂ ಗೀಚು, ಯಾರು ನೋಡ್ತಾರೆ," ಎಂದ ಒಂದು ದಿನ. ಗೀಚುವುದು ಅವಳ ಜಾಯಮಾನವಲ್ಲ. ಒಂದು ಮಧ್ಯಾಹ್ನ ಪೂರ್ತಿ ಕೂತು, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಅಂಗಿಗೆ ಅಳತೆ ಹಿಡಿದ ಹಾಗೆ ಗಂಡನಿಗೊಂದು ಸಹಿ ಮಾಡಿ ಕೊಟ್ಟಳು. ಆಗ ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿಯಿತ್ತು. ಅಂದಿನಿಂದ ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಕಾರು ಕೊಂಡಾಗ ಕಾರಿನ ಕಾಗದಗಳಲ್ಲಿ, ಎಲ್ಲ ಕಡೆಯೂ ಅವನಾಗಿ ನಿಂತವಳು ಅವಳೇ. ಅವನು ಆ ಸಹಿಯನ್ನು ನೆಟ್ಟಗೆ ಕಣ್ಣಿಟ್ಟು ನೋಡಿದ್ದೂ ಇಲ್ಲ.

ಆಮೇಲೆ ಅವನು ಬೇರೆ ಮನೆ ಮಾಡಿದ. ಊರು ಬಿಟ್ಟು ಹೋಗಿದ್ದರೆ ಒಂದು ಲೆಕ್ಕ. ಅವನು ಹೋದದ್ದು ಅದೇ ಊರಿನ ಇನ್ನೊಂದು ತುದಿಗೆ, ಪಂಪಿನ ಕಂಪನಿಯಲ್ಲೇ ಫೋನ್ ಎತ್ತುತ್ತಿದ್ದವಳ ಜೊತೆಗೆ. ಹೋಗುವ ದಿನ ಎರಡು ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದು, ಕಾರಿನ ಕೀಲಿಗೆಂದು ಗೋಡೆಯ ಮೊಳೆಗೆ ಕೈ ಹಾಕಿದ. ಮೊಳೆ ಖಾಲಿ. ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೀಲಿಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು.

"ಕೀ ಎಲ್ಲಿ?"

"ಬಸ್ಸು ಇದೆಯಲ್ಲ," ಎಂದಿದ್ದಳು ಅವಳು, ತಲೆ ಎತ್ತದೆ.

ಬಸ್ಸಿನಲ್ಲೇ ಹೋದ. ಮತ್ತೆ ಕಾರನ್ನು ಕೇಳಲಿಲ್ಲ. ಅವಳ ತಾಯಿಯಿಂದ ಬಂದ ಮನೆ, ಅದಕ್ಕೆ ಅಂಟಿದ ತಗಡಿನ ಶೆಡ್ಡು, ಶೆಡ್ಡಿನ ತುಂಬ ಆ ಕಾರು. ಟೈರು ನೆಲ ಕಚ್ಚಿದವು, ಸೀಟಿನ ಹೊಟ್ಟೆಯೊಳಗೆ ಇಲಿ ಸಂಸಾರ ಹೂಡಿತು. ಗಂಡ ವಾಪಸ್ ಬರುತ್ತಾನೆಂದು ಪಾಪ ಇಟ್ಟುಕೊಂಡಿದ್ದಾಳೆ ಎಂದು ನೆರೆಯವರು ಲೊಚಗುಟ್ಟಿದರು. ಕಾಯುತ್ತಿದ್ದವಳು ಯಾರು? ಇಡೀ ಮದುವೆಯಲ್ಲಿ ಅವಳು ಗೆದ್ದದ್ದು ಅದೊಂದೇ, ಗೆದ್ದದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೆ. ಗೆಲುವು ತುಕ್ಕು ಹಿಡಿಯುತ್ತ ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿತ್ತು.

ಈಗ ಆ ಶೆಡ್ಡು ಬೇಕಾಗಿತ್ತು. ಬಸ್ ನಿಲ್ದಾಣದ ಬಳಿ ಅವಳ ಹೊಲಿಗೆ ಅಂಗಡಿಯಿದ್ದ ಕಟ್ಟಡವನ್ನು ಒಡೆಯುವುದೆಂದು ಗೊತ್ತಾಗಿ, ತಿಂಗಳ ಕೊನೆಯೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕಿತ್ತು. ಯಂತ್ರಗಳು, ಕತ್ತರಿಸುವ ದೊಡ್ಡ ಮೇಜು, ಎರಡು ಶಾಲೆಗಳ ಸಮವಸ್ತ್ರದ ಥಾನುಗಳು, ಇವನ್ನೆಲ್ಲ ಇಡಲು ಆ ಪುಟ್ಟ ಮನೆಯಲ್ಲಿ ಎಲ್ಲಿ ಜಾಗ? ಶಾಲೆ ತೆರೆಯುವ ಹೊತ್ತಿಗೆ ಬಟ್ಟೆ ಕೊಡದಿದ್ದರೆ ಕೆಲಸ ಬೇರೆಯವರ ಪಾಲು. ಒಮ್ಮೆ ಕೈ ಬಿಟ್ಟ ಶಾಲೆ ಮತ್ತೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ ಕೂರುವುದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಗುಜರಿಯವನು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ ಬೆರಳಿನಿಂದ ತಟ್ಟಿ, "ಕಾಗದ?" ಎಂದ.

"ಈ ತಗಡಿಗೆ ಕಾಗದ ಬೇರೆ ಬೇಕೇನಪ್ಪ? ಎತ್ಕೊಂಡ್ಹೋಗು."

"ಮೊದಲಾದ್ರೆ ಎತ್ಕೊಂಡ್ಹೋಗ್ತಿದ್ದೆ ಅಕ್ಕಾ. ಹೋದ ವರ್ಷ ಯಾರೋ ಕದ್ದ ಗಾಡಿ ತಂದು ಮಾರಿಬಿಟ್ಟ. ಕದ್ದೋನು ಆರಾಮಾಗಿದ್ದಾನೆ, ನಾನು ಸ್ಟೇಷನ್ ಮೆಟ್ಲು ಸವೆಸ್ತಾ ಇದೀನಿ. ನೋಂದಣಿ ರದ್ದಾಗಿರೋ ಕಾಗದ ಕೈಗೆ ಬಂದ್ರೆ ಮಾರನೇ ದಿನ ಲಾರಿ ಕಳಿಸ್ತೀನಿ. ಅಲ್ಲೀವರ್ಗೂ ಒಂದು ಬೋಲ್ಟೂ ಮುಟ್ಟಲ್ಲ."

ಹಾಗೆ ಶುರುವಾಯಿತು ಅವಳ ಓಡಾಟ. ಕಾರು ಕೊಳ್ಳುವುದು ಸುಲಭ, ಕೊಲ್ಲುವುದೇ ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು. ತೆರಿಗೆ ಬಾಕಿಯಿಲ್ಲವೆಂದು ಒಂದು ಕಚೇರಿ ಬರೆದುಕೊಡಬೇಕು. ಈ ಕಾರಿನ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂದು ಪೊಲೀಸರು ಬರೆದುಕೊಡಬೇಕು. ಸಾಲ ಕೊಟ್ಟಿದ್ದ ಬ್ಯಾಂಕು ತನಗಿನ್ನು ಇದರ ಗೊಡವೆ ಇಲ್ಲವೆನ್ನಬೇಕು. ಕೊನೆಗೆ ಚಾಸಿ ನಂಬರು ಕೊರೆದ ತಗಡಿನ ತುಂಡನ್ನು ಕತ್ತರಿಸಿ ಕಚೇರಿಗೆ ಒಪ್ಪಿಸಬೇಕು, ಸತ್ತ ಕಾರು ಬೇರೆ ಹೆಸರಿನಲ್ಲಿ ಎದ್ದು ಓಡಾಡದಿರಲೆಂದು. ಅಂಗಡಿಗೆ ಅರ್ಧ ಬಾಗಿಲು ಹಾಕಿ ಕಾಗದಗಳನ್ನೆಲ್ಲ ಹೊಂದಿಸಿದಳು. ಆದರೆ ಎಲ್ಲಕ್ಕೂ ಮೇಲೆ ಒಂದು ಷರತ್ತಿತ್ತು. ಯಾರ ಹೆಸರಿನಲ್ಲಿ ಕಾರಿದೆಯೋ ಅವರು ಖುದ್ದಾಗಿ ಬಂದು, ಗುರುತಿನ ಚೀಟಿ ತೋರಿಸಿ, ಗುಮಾಸ್ತನ ಎದುರಿನಲ್ಲೇ ಸಹಿ ಹಾಕಬೇಕು.

ನಾದಿನಿಯ ಕೈಲಿ ಹೇಳಿ ಕಳಿಸಿದಳು. ಅಣ್ಣ ಅತ್ತಿಗೆ ಇಬ್ಬರ ಮನೆಗೂ ಹೋಗಿಬರುತ್ತಿದ್ದವಳು ಅವಳೊಬ್ಬಳೇ. ದೂರದಲ್ಲಿದ್ದ ಮಗಳು ಫೋನಿನಲ್ಲಿ "ಅಪ್ಪನ್ನ ಯಾಕಮ್ಮ ಮತ್ತೆ ಮೈಮೇಲೆ ಎಳ್ಕೋತೀಯ" ಎಂದು ರೇಗಿದಳು. "ಒಂದೇ ಒಂದು ಸಹಿ ಕಣೇ," ಎಂದಳು ತಾಯಿ. "ಆಮೇಲೆ ಆ ಮುಖ ನೋಡೋ ದರ್ದೇ ಇರಲ್ಲ ನನಗೆ." ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಕಾರೂ ಹೋಗಲಿ, ಕಾರಿನವನೂ ಹೋಗಲಿ, ಶೆಡ್ಡಿನಲ್ಲಿ ತಾನು, ತನ್ನ ಯಂತ್ರ.

ಬರುವುದಿಲ್ಲವೆಂದೇ ಅಂದುಕೊಂಡಿದ್ದಳು. ನೆಪಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಬೆಳಿಗ್ಗೆ ಕಚೇರಿಯ ಗೇಟಿಗೆ ಅವಳು ಬರುವ ಮೊದಲೇ ಬಂದು ನಿಂತಿದ್ದ. ಮುಖ ಕ್ಷೌರವಾಗಿತ್ತು, ಬಗಲಲ್ಲಿ ಒಂದು ರೆಕ್ಸಿನ್ ಚೀಲ. ತೆಳ್ಳಗಾಗಿದ್ದ. ಕರೆಯಲು ಹೋದಾಗ ಅವಳ ಗಂಟಲಿಗೆ ಹಳೆಯ "ರೀ" ಬಂದು ನಿಂತಿತು. ಅದನ್ನು ನುಂಗಿಕೊಂಡು, ಬೇರೆ ಏನೆನ್ನಬೇಕೆಂದು ತೋಚದೆ, ಕೆಮ್ಮಿದಳು. ಅವನು ತಿರುಗಿ ನೋಡಿ, "ತಿಂಡಿ ಆಯ್ತಾ?" ಎಂದ. ನಿನ್ನೆ ತಾನೇ ಮನೆಯಿಂದ ಹೊರಟವನ ಹಾಗೆ. ಅವಳ ಮೈ ಉರಿದುಹೋಯಿತು. ಉರಿಯ ಕೆಳಗೆ ಎಲ್ಲೋ, ಕರೆದ ತಕ್ಷಣ ಬಂದನಲ್ಲ ಎಂಬ ಹಾಳು ಸಮಾಧಾನವೂ ಇತ್ತು.

"ನೋಡಿ, ದಾರಿ ಎರಡಿದೆ," ಎಂದು ಗುಮಾಸ್ತ ಈಗ ಬೆರಳು ಮಡಚಿದ. "ಸಹಿ ಬದಲಾಗಿದೆ ಅಂತ ವಕೀಲರ ಹತ್ರ ಪ್ರಮಾಣಪತ್ರ ಮಾಡ್ಸಿ, ಪೇಪರ್‌ನಲ್ಲಿ ಜಾಹೀರಾತು ಕೊಟ್ಟು, ಯಾರಾದ್ರೂ ತಕರಾರು ಮಾಡ್ತಾರಾ ಅಂತ ಕಾಯೋದು. ಅದೊಂದು ಮೂರು ತಿಂಗಳಿನ ಕಥೆ. ಇಲ್ಲಾಂದ್ರೆ ಮೊದಲು ಹಾಕ್ತಿದ್ದ ಹಾಗೇ ಹಾಕಿ."

"ತಿಂಗಳ ಕೊನೆಗೆ ನಮ್ಗೆ ಜಾಗ ಬೇಕು ಸಾರ್," ಎಂದಳು ಟೈಲರಮ್ಮ ಮುಂದೆ ಬಂದು. "ಅರ್ಜಿ ಕೊಡಿ, ಹೊರಗೆ ಕೂತು ಹಾಕಿಸ್ಕೊಂಡು ಬರ್ತೀನಿ."

ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಂಥ ಹೊರಗೆ ಕೂತು ಹಾಕಿಸುವವರನ್ನು ಅವನು ದಿನಾ ನೋಡುತ್ತಿದ್ದ. "ನನ್ನೆದುರಿಗೇ ಆಗ್ಬೇಕಮ್ಮ. ಮೇಲೆ ಕ್ಯಾಮೆರಾ ಇದೆ ನೋಡಿ." ಆಮೇಲೆ ಸ್ವಲ್ಪ ಮೆತ್ತಗಾಗಿ, ಗಂಡನ ಕಡೆ ತಿರುಗಿ, "ವಯಸ್ಸಾದ್ಮೇಲೆ ಕೈ ಮರೆಯತ್ತೆ, ನಮ್ಮಪ್ಪನಿಗೂ ಹೀಗೇ ಆಗಿತ್ತು. ಅಲ್ಲಿ ಬೆಂಚ್ ಮೇಲೆ ಕೂತು ನಾಲ್ಕು ಸಲ ಬರೆದು ನೋಡಿ. ಊಟದ ಹೊತ್ತು ಕಳೆದ್ಮೇಲೆ ಬನ್ನಿ," ಎಂದ.

ಹೊರಗಿನ ಓಣಿಯಲ್ಲಿ ಗೋಡೆಗೆ ಆನಿಸಿದ ಉದ್ದನೆ ಬೆಂಚು. ಜೆರಾಕ್ಸ್ ಅಂಗಡಿಯವನಿಂದ ಒಂದು ಮಗ್ಗುಲು ಹಾಳಾದ ಹಾಳೆಗಳನ್ನು ಇಸಿದುಕೊಂಡು ಬಂದು ಟೈಲರಮ್ಮ ಗಂಡನ ಪಕ್ಕ ಕೂತಳು. ಪಕ್ಕ ಎಂದರೆ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಮೇಲಿನ ಹಾಳೆಯಲ್ಲಿ ಆ ಸಹಿ ಹಾಕಿದಳು. ಅದನ್ನು ಹಾಕಿ ವರ್ಷಗಳೇ ಕಳೆದಿದ್ದರೂ ಕೈ ಒಂದಿಷ್ಟೂ ತಡವರಿಸಲಿಲ್ಲ.

ಅವನು ಅದನ್ನು ಮೊದಲ ಸಲ ನೋಡುವವನಂತೆ ನೋಡಿದ. "ಚೆನ್ನಾಗಿದೆಯಲ್ಲ," ಎಂದ.

"ಈಗ ನೀವು ಹಾಕಿ."

ಹಾಕಿದ. ಕೊಕ್ಕೆ ಗೂನುಬೆನ್ನಾಯಿತು, ಅಲೆ ಮಧ್ಯದಲ್ಲೇ ನಿಂತಿತು. ಎರಡನೆಯ ಸಲ ಗೆರೆ ಹೆಸರಿನ ಮೇಲೇ ಹತ್ತಿತು. ಮೂರನೆಯ ಸಲ ಪೆನ್ನು ಕಾಗದವನ್ನೇ ತೂತು ಮಾಡಿತು.

"ಮಧ್ಯ ಕೈ ಎತ್ಬೇಡಿ," ಎಂದಳು ಅವಳು. "ಒಂದೇ ದಾರದ ಹೊಲಿಗೆ ಅಂದ್ಕೊಳ್ಳಿ. ಶುರು ಮಾಡಿದ್ರೆ ಕೊನೆಗೇ ನಿಲ್ಲಿಸ್ಬೇಕು."

"ಇಷ್ಟೊಂದು ಸರ್ಕಸ್ ಯಾಕೆ ಮಾಡಿಟ್ಟೆ? ಎರಡಕ್ಷರ ನೆಟ್ಟಗೆ ಬರೀಬಾರ್ದಿತ್ತಾ?"

"ಬೇರೆ ಯಾರೂ ನಕಲು ಮಾಡಬಾರ್ದು ಅಂತ ಮಾಡಿದ್ದು."

"ಸರಿ ಹೋಯ್ತು. ಈಗ ನನಗೇ ಮಾಡಕ್ಕಾಗ್ತಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಎದುರಿನ ಗೋಡೆಗೊರಗಿ ನಿಂತಿದ್ದ ಲಾರಿ ಡ್ರೈವರೊಬ್ಬ, ಈ ವಯಸ್ಸಿನಲ್ಲೂ ಎಷ್ಟು ಚಂದ ಇದ್ದಾರಪ್ಪ ಎಂಬಂತೆ ಇಬ್ಬರನ್ನೂ ನೋಡಿದ. ಟೈಲರಮ್ಮ ತುಟಿ ಬಿಗಿದುಕೊಂಡು ಹಾಳೆ ತಿರುಗಿಸಿದಳು. ಇವನ ಜೊತೆ ನಗಬಾರದಿತ್ತು. ಇಷ್ಟು ವರ್ಷ ಕಟ್ಟಿಕೊಂಡು ಬಂದದ್ದು ಒಂದು ನಗುವಿಗೆ ಸಡಿಲವಾದರೆ ತನ್ನ ಬದುಕಿಗೆ ಏನು ಬೆಲೆ ಬಂತು ಎಂದು ತನ್ನ ಮೇಲೇ ಸಿಟ್ಟು ಬಂತು.

ಹಾಳೆಗಳು ತುಂಬುತ್ತ ಹೋದವು. ಅವನಿಗೆ ಬೇಸರವಾದಾಗಲೆಲ್ಲ ನೀರು ಕುಡಿದು ಬರುತ್ತೇನೆಂದು ಎದ್ದ. ಅವಳು "ಕೂತ್ಕೊಳ್ಳಿ" ಎಂದು ಗದರಿ ಕೂರಿಸಿದಳು. ಕೊನೆಗೆ ಅವನೇ, "ಕೈ ಹಿಡಿದು ಒಂದ್ಸಲ ಬರೆಸಿಬಿಡು, ಮಗೂಗೆ ಬರೆಸ್ತಿದ್ಯಲ್ಲ ಹಾಗೆ," ಎಂದ.

ಅವಳು ಓಣಿಯ ಎರಡೂ ತುದಿಗೆ ಕಣ್ಣು ಹಾಯಿಸಿದಳು. ಆಮೇಲೆ ನಡುವಿನ ಜಾಗವನ್ನು ದಾಟಿ ಸರಿದು ಅವನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟಳು. ಬೆರಳ ಗೆಣ್ಣುಗಳು ಚೂಪಾಗಿದ್ದವು, ಚರ್ಮ ಸಡಿಲಾಗಿತ್ತು. ಅಷ್ಟು ಹತ್ತಿರದಿಂದ ಅವಳ ಕಣ್ಣು ತೋಳಿನ ಗುಂಡಿಗೆ ಬಿತ್ತು. ಬಿಳಿ ಅಂಗಿಗೆ ನೀಲಿ ದಾರದಲ್ಲಿ, ಒಂದರ ಮೇಲೊಂದು ಸುತ್ತಿ ಹೊಲಿದ ಗುಂಡಿ. ಯಾರು ಹೊಲಿದರೆಂದು ಕೇಳಬೇಕಾಗಿರಲಿಲ್ಲ. ಇಷ್ಟೇ ಬರುವುದು ಆ ಮನೆಯವಳಿಗೆ ಎಂದು ಟೈಲರಮ್ಮನ ಹೊಟ್ಟೆ ತಣ್ಣಗಾಯಿತು, ಮರುಗಳಿಗೆಯೇ ಗುಂಡಿಯೊಂದನ್ನು ನೋಡಿ ತಣ್ಣಗಾಗುವ ಹೊಟ್ಟೆಯ ಬಗ್ಗೆ ನಾಚಿಕೆಯಾಯಿತು. ಗುಂಡಿ ನೆಟ್ಟಗೆ ಹೊಲಿಯಬಲ್ಲವಳ ಮನೆಯಲ್ಲಿ ಇವನು ನಿಂತನೇ?

ಕೈ ಹಿಡಿದು ಬರೆಸಿದಳು. ಕೊಕ್ಕೆ, ಅಲೆ, ಗೆರೆ, ಸುರುಳಿ, ಚುಕ್ಕೆ. ಮತ್ತೆ ಬರೆಸಿದಳು. ಮೂರನೆಯ ಹಾಳೆಯಲ್ಲಿ ಅವನ ಮುಷ್ಟಿ ಅವಳ ಕೈಯ ಕೆಳಗೆ ತಾನಾಗಿ ತಿರುಗತೊಡಗಿದ್ದು ಅವಳಿಗೆ ತಿಳಿಯಿತು. ಮೆಲ್ಲಗೆ ಕೈ ತೆಗೆದಳು. ಪೆನ್ನು ನಿಲ್ಲಲಿಲ್ಲ. ಸಹಿ ಅದರಷ್ಟಕ್ಕೆ ಮೂಡಿ ಮುಗಿಯಿತು.

"ಬಂತು," ಎಂದ ಅವನು. ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಮಕ್ಕಳಿಗೆ ಸೈಕಲ್ ಬಂದಾಗಿನ ಸಂಭ್ರಮ ಅವನ ಮುಖದಲ್ಲಿತ್ತು.

ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಬಂದ ಗುಮಾಸ್ತ ಹೊಸ ಅರ್ಜಿ ಕೊಟ್ಟ. ಗಂಡ ಕಿಂಡಿಯ ಮುಂದೆ ಬಗ್ಗಿದ. ಟೈಲರಮ್ಮ ಹಿಂದೆ ನಿಂತು ಅವನ ಮೊಣಕೈಯನ್ನೇ ನೋಡುತ್ತಿದ್ದಳು. ಈ ಒಂದು ಗಳಿಗೆ ಕೈ ಕೊಟ್ಟರೆ ಯಂತ್ರಗಳು ಬೀದಿಗೆ ಬರುತ್ತವೆ. ಮೊಣಕೈ ಎಲ್ಲೂ ನಿಲ್ಲದೆ ತಿರುಗಿ, ಕೊನೆಯಲ್ಲಿ ಒಮ್ಮೆ ಕುಟುಕಿ ಸುಮ್ಮನಾಯಿತು. ಗುಮಾಸ್ತ ಕಡತವನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದ.

"ಈಗ ನೀವು ನೀವೇ ಆದ್ರಿ ನೋಡಿ," ಎಂದು ಮೊಹರು ಒತ್ತಿದ. "ಅಮ್ಮಾ, ಗುಜರಿಯವ್ರಿಗೆ ಹೇಳಿ, ಗಾಡಿ ಎತ್ತಬಹುದು. ಚಾಸಿ ತುಂಡು ಮಾತ್ರ ಮರೀದೆ ತಂದೊಪ್ಪಿಸಿ. ಅದಕ್ಕೆ ಇವ್ರೇ ಬರ್ಬೇಕಂತೇನಿಲ್ಲ, ನೀವು ಬಂದ್ರೂ ಆಯ್ತು."

ಆ ಕೊನೆಯ ಮಾತು ಕೇಳಿ ಟೈಲರಮ್ಮನಿಗೆ ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿದಂತಾಯಿತು. ಇವನು ಬರಬೇಕಾಗಿಲ್ಲ. ಇನ್ನು ಯಾವುದಕ್ಕೂ ಬರಬೇಕಾಗಿಲ್ಲ. ಓಣಿಗೆ ಬಂದು ಗುಜರಿಯವನಿಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆಯೇ ಲಾರಿ ಕಳಿಸುವುದಾಗಿ ಅವನು ಹೇಳಿದ. ಫೋನು ಇಡುವಷ್ಟರಲ್ಲಿ ಅವಳ ಮನಸ್ಸು ಶೆಡ್ಡಿನಲ್ಲಿತ್ತು. ಕತ್ತರಿಸುವ ಮೇಜು ಒಳಗೋಡೆಗೆ, ಯಂತ್ರಗಳು ಬೆಳಕು ಬೀಳುವ ಕಡೆಗೆ, ತಗಡಿಗೊಂದು ಕಿಟಕಿ ಕೊರೆಸಬೇಕು, ಬಾಗಿಲ ಮೇಲೆ ಬೋರ್ಡು. ಸುಣ್ಣ ಬಳಿಸಿದರೆ ಆ ಎಣ್ಣೆಯ ವಾಸನೆಯೂ ಹೋಗುತ್ತದೆ.

ತಿರುಗಿ ನೋಡಿದರೆ ಅವನು ಇನ್ನೂ ಹೊರಟಿರಲಿಲ್ಲ. ಅದೇ ಬೆಂಚಿನ ಮೇಲೆ ಕೂತು, ರೆಕ್ಸಿನ್ ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೊಂದು ಕಾಗದ ಹರಡಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದ. ಅಭ್ಯಾಸದ ಹಾಳೆಗಳು ಪಕ್ಕದಲ್ಲೇ ಬಿದ್ದಿದ್ದವು. ಇದು ಬೇರೆ.

"ಏನದು?" ಎಂದಳು.

"ಇದೂ ಒಂದು ಸಿಕ್ಕಾಕ್ಕೊಂಡಿತ್ತು," ಎಂದ, ತಲೆ ಎತ್ತದೆ. "ಇನ್ಶೂರೆನ್ಸ್ ಪಾಲಿಸಿ. ನಮ್ಮ ಮದುವೆ ಆದ ವರ್ಷ ಮಾಡ್ಸಿದ್ದು, ನೆನಪಿದೆಯಾ? ಅದಕ್ಕೂ ನೀನೇ ಹಾಕಿದ್ದಲ್ವಾ ಸಹಿ. ಎಷ್ಟು ಸಲ ಕಳಿಸಿದ್ರೂ ಸಹಿ ಹೊಂದಲ್ಲ ಅಂತ ವಾಪಸ್ ಮಾಡ್ತಾರೆ. ನಿನ್ನನ್ನ ಕೇಳೋಣ ಅಂದ್ರೆ ಯಾವ ಮುಖ ಇಟ್ಕೊಂಡು ಕೇಳ್ಲಿ? ಅಷ್ಟರಲ್ಲಿ ನೀನೇ ಹೇಳಿ ಕಳಿಸ್ದೆ."

ಅವಳು ಬಗ್ಗಿ ನೋಡಿದಳು. ಅವನು ಸತ್ತ ಮೇಲೆ ಪಾಲಿಸಿ ಯಾರಿಗೆ ಸೇರಬೇಕೆಂಬುದನ್ನು ಬದಲಿಸುವ ಅರ್ಜಿ. ಹಳೆಯ ಹೆಸರು ಎಂಬಲ್ಲಿ ಅವಳ ಹೆಸರಿತ್ತು. ಹೊಸ ಹೆಸರು ಎಂಬಲ್ಲಿ ಆ ಮನೆಯವಳದು. ಪಕ್ಕದಲ್ಲಿ, ಸಂಬಂಧ ಎಂಬಲ್ಲಿ, ಇರುವೆಗಳ ಅಕ್ಷರದಲ್ಲಿ, ಹೆಂಡತಿ ಎಂದು ಬರೆದಿತ್ತು.

ಬೆಳಿಗ್ಗೆ ಗೇಟಿನಲ್ಲಿ ಕ್ಷೌರ ಮಾಡಿಕೊಂಡು ನಿಂತಿದ್ದದ್ದು ಇದಕ್ಕೆ. ತಿಂಡಿ ಆಯ್ತಾ ಎಂದದ್ದು ಇದಕ್ಕೆ. ಕೈ ಹಿಡಿದು ಬರೆಸು ಎಂದದ್ದೂ ಇದಕ್ಕೇ. ಬೆಳಿಗ್ಗೆಯೆಲ್ಲ ಬೆವರು ಸುರಿಸಿ ತನ್ನ ಹೆಸರು ಹೊಡೆದುಹಾಕುವುದನ್ನು ಅವಳೇ ಇವನಿಗೆ ಕಲಿಸಿಕೊಟ್ಟಿದ್ದಳು. ಅವನ ದುಡ್ಡು ಅವಳಿಗೆ ಬೇಕಾಗಿರಲಿಲ್ಲ. ಆದರೆ ಅವಳನ್ನು ಅವನ ಹೆಂಡತಿ ಎಂದು ಕರೆಯುವ ಕಾಗದವೊಂದು ಎಲ್ಲೋ ಒಂದು ಕಪಾಟಿನಲ್ಲಿ ಉಳಿದಿತ್ತು, ಈಗ ಅದೂ ಇಲ್ಲ.

"ಹೋದ ತಿಂಗಳು ಎದೆ ಸ್ವಲ್ಪ ಕೈ ಕೊಟ್ಟಿತ್ತು," ಎಂದ ಅವನು. "ಡಾಕ್ಟರು ಜೋಪಾನ ಅಂದ್ರು. ನಿಂಗಾದ್ರೆ ಮನೆ ಇದೆ, ಕೈಯಲ್ಲಿ ಕಸಬಿದೆ. ಅವಳಿಗೆ ಏನೂ ಇಲ್ಲ. ನೀನು ತಪ್ಪು ತಿಳ್ಕೊಳಲ್ಲ ಅಂತ ಗೊತ್ತು ನಂಗೆ."

"ಗೊತ್ತಾ?"

"ಗೊತ್ತು. ನೀನು ಯಾವತ್ತೂ ಗಟ್ಟಿಗಿತ್ತಿ." ಕಾಗದವನ್ನು ಎತ್ತಿ ಅವಳ ಕಡೆ ಹಿಡಿದ. "ಸರಿ ಇದೆಯಾ ನೋಡು. ಈ ಸಲ ವಾಪಸ್ ಬಂದ್ರೆ ಮತ್ತೆ ನಿನ್ನ ಹತ್ರಾನೇ ಓಡಿಬರ್ಬೇಕಾಗತ್ತೆ."

ಅವಳು ಕಾಗದವನ್ನು ಕೈಗೆ ತೆಗೆದುಕೊಂಡಳು. ಕೊಕ್ಕೆ ನೆಟ್ಟಗೆ ನಿಂತಿತ್ತು. ಅಲೆ ಎಲ್ಲೂ ಕಡಿದಿರಲಿಲ್ಲ. ಗೆರೆ, ಸುರುಳಿ, ಎಲ್ಲ ಇತ್ತು. ಸುರುಳಿಯ ಒಳಗೆ ಏನೂ ಇರಲಿಲ್ಲ. ಆತುರದಲ್ಲಿ ಚುಕ್ಕೆ ಬಿಟ್ಟಿದ್ದ.

ಚೆನ್ನಾಗಿದೆ ಎಂದರೆ ಸಾಕು. ಅವನಿಗೆ ಗೊತ್ತಾಗುವುದಿಲ್ಲ, ಅವನು ಎಂದೂ ನೆಟ್ಟಗೆ ನೋಡಿದವನಲ್ಲ. ಕಾಗದ ಹೋಗುತ್ತದೆ, ಹೊಂದಲಿಲ್ಲವೆಂದು ತಿರುಗಿ ಬರುತ್ತದೆ, ಅಷ್ಟರಲ್ಲಿ ಆ ಎದೆ ಇನ್ನೊಮ್ಮೆ ಕೈ ಕೊಟ್ಟರೂ ಕೊಟ್ಟೀತು. ಆಗ ಪಾಲಿಸಿಯ ದುಡ್ಡಿಗೆ ಆ ಮನೆಯವಳು ತನ್ನ ಬಾಗಿಲಿಗೇ ಬಂದು ನಿಲ್ಲಬೇಕು. ಎಷ್ಟೋ ವರ್ಷ ಯಂತ್ರ ತುಳಿಯುತ್ತ ಟೈಲರಮ್ಮ ಕಣ್ಣೆದುರಿಗೆ ತಂದುಕೊಂಡಿದ್ದ ಚಿತ್ರ ಅದೇ ಆಗಿತ್ತು. ಎದೆ ಕೈ ಕೊಡದೆ ಹೋದರೆ ಇವನು ಬರುತ್ತಾನೆ. ಈ ಚೀಲ ಹಿಡಿದು, ಕ್ಷೌರ ಮಾಡಿಕೊಂಡು, ಶೆಡ್ಡಿನ ಬಾಗಿಲಲ್ಲಿ ನಿಂತು ತಿಂಡಿ ಆಯ್ತಾ ಎನ್ನುತ್ತಾನೆ. ತಾನು ಮತ್ತೆ ಪಕ್ಕದಲ್ಲಿ ಕೂತು ಆ ಮುಷ್ಟಿ ಹಿಡಿಯಬೇಕು.

ಓಣಿಯ ಜನ ಕರಗಿದ್ದರು. ಕಿಂಡಿಯ ಒಳಗಿನಿಂದ ಮೊಹರಿನ ಸದ್ದು ಮಾತ್ರ ಕೇಳುತ್ತಿತ್ತು.

"ಚುಕ್ಕೆ ಬಿಟ್ಟಿದ್ದೀರಿ," ಎಂದಳು ಟೈಲರಮ್ಮ.

"ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ಅವನು ಅಲ್ಲಿ ಪೆನ್ನು ಊರಿದ. ಊರಿದ್ದು ಹೆಚ್ಚಾಗಿ ಶಾಯಿ ದಪ್ಪಗೆ ಕೂತಿತು. ಅವಳು ಕಾಗದವನ್ನು ಬಾಯಿಯ ಹತ್ತಿರ ಹಿಡಿದು, ಅದು ಒಣಗುವವರೆಗೆ ಮೆಲ್ಲಗೆ ಊದಿ, ಅವನ ಕೈಗೆ ಕೊಟ್ಟಳು.